ಹೊಸ ಚರ್ಮದ ಸೀಟಿಗೆ ಎಣ್ಣೆ ಕುಡಿಸಬೇಡಿ

ನಿಮ್ಮ ಸೈಕಲ್ಲಿನ ಹೊಸ ಚರ್ಮದ ಸೀಟು, ಬ್ರೂಕ್ಸ್ ಬಿ17, ಕಲ್ಲಿನಂತಿದೆ, ಕೊಬ್ಬರಿ ಎಣ್ಣೆ ಹಚ್ಚಿ ನೆನೆಸಲೇ, ಸೀಟಿನ ಮೂತಿಯ (ಮುಂದಿನ ತುದಿಯ) ಅಡಿಯಲ್ಲಿ ಚರ್ಮ ಬಿಗಿಸುವ ಬೋಲ್ಟ್ ತಿರುಗಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ.

ಈ ಸೀಟಿನೊಳಗೆ ಸ್ಪಂಜು ಇಲ್ಲ. ದಪ್ಪ ಚರ್ಮವನ್ನು ಹಿಂದಿನ ಲೋಹದ ಪಟ್ಟಿಗೂ ಮುಂದಿನ ಮೂತಿಗೂ ರಿವೆಟ್ ಹೊಡೆದು ಬಿಗಿದಿರುತ್ತಾರೆ. ನಿಮ್ಮ ಭಾರ ಹೊರುವುದು ಆ ಬಿಗಿತವೇ. ಎಣ್ಣೆ ಕುಡಿದ ಚರ್ಮದ ನಾರು ಸಡಿಲಗೊಂಡು ನಡು ಜೋಲುತ್ತದೆ. ಒಮ್ಮೆ ಜೋತದ್ದು ಪೂರ್ತಿ ಸರಿಹೋಗುವುದು ಕಷ್ಟ.

ಚರ್ಮಕ್ಕೆ ಹಚ್ಚಲೆಂದೇ ಬ್ರೂಕ್ಸ್‌ನವರು ಮಾಡುವ ಮೇಣದಂಥ ಮುಲಾಮು ಪ್ರೂಫೈಡ್ ಸಾಕು. ಬಟ್ಟೆಯಿಂದ ಮೇಲೆ ತೆಳ್ಳಗೆ ಹಚ್ಚಿ, ಕೆಳಭಾಗಕ್ಕೂ ಸವರಿ. ಅಡಿಯ ಚರ್ಮ ಒರಟಾಗಿರುವುದರಿಂದ ನೀರು ಹೀರುವುದು ಅಲ್ಲಿಂದಲೇ ಹೆಚ್ಚು. ರಾತ್ರಿ ಬಿಟ್ಟು ಬೆಳಗ್ಗೆ ಉಜ್ಜಿ ಹೊಳಪು ಬರಿಸಿ. ಆಮೇಲೆ 3ರಿಂದ 6 ತಿಂಗಳಿಗೊಮ್ಮೆ ಸಾಕು. ಉಳಿದ ಕೆಲಸ ಸವಾರಿಯದು: ಮೊದಲು ಸಣ್ಣ ದೂರ, ಸೀಟು ಮಟ್ಟವಾಗಿ ಅಥವಾ ಮೂತಿ ಕೂದಲೆಳೆಯಷ್ಟು ಮೇಲೆ. ಕೂರುವ ಮೂಳೆಗಳಿಗೆ ಎರಡು ತಗ್ಗು ಕಾಣಿಸಿಕೊಂಡರೆ ಸರಿಯಾಗಿ ಪಳಗುತ್ತಿದೆ ಎಂದರ್ಥ. ಮೂತಿ ಕೆಳಗಿದ್ದರೆ ಮುಂದಕ್ಕೆ ಜಾರುತ್ತೀರಿ, ಅಂಗೈ ನೋಯುತ್ತದೆ.

ಬೋಲ್ಟ್ ಇರುವುದು ವರ್ಷಗಳ ಬಳಕೆಯಲ್ಲಿ ನಡು ತಗ್ಗಿದಾಗ ಬಿಗಿಸಲು. ಆಗಲೂ ಸಲಕ್ಕೆ ಕಾಲು ಸುತ್ತು ಮಾತ್ರ. ಅತಿಯಾದರೆ ರಿವೆಟ್ ಪಕ್ಕದಲ್ಲಿ ಚರ್ಮ ಹರಿಯುತ್ತದೆ.

ಮಳೆಗಾಲದಲ್ಲಿ ಹಿಂದಿನ ಮಡ್‌ಗಾರ್ಡ್ ಇರಲೇಬೇಕು. ನೆನೆದ ಸೀಟಿನ ಮೇಲೆ ಕೂರಬೇಡಿ, ನೆರಳಲ್ಲೇ ಒಣಗಿಸಿ. ಬಿಸಿಲು, ಹೇರ್ ಡ್ರೈಯರ್ ಎರಡೂ ಚರ್ಮವನ್ನು ಬಿರಿಸುತ್ತವೆ. ಮಲೆನಾಡು, ಕರಾವಳಿಯವರಾದರೆ ಬೂಷ್ಟು ಹಿಡಿದೀತು: ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಆರಿಸಿ, ಮತ್ತೆ ತೆಳ್ಳಗೆ ಪ್ರೂಫೈಡ್ ಹಚ್ಚಿ.