ಮುಳ್ಳುತಂತಿಯ ಬಾರು

ಸಿರಸಿಯ ಓದುಗರೊಬ್ಬರ ಪತ್ರ: "ಕೆರಿಬಿಯನ್ ಕಲೆಯ ಲೇಖನಕ್ಕೆ ನೆಲದ ಮೇಲೆ ಹರಡಿದ ಹವಾಯಿ ಚಪ್ಪಲಿಗಳ ಚಿತ್ರ ಹಾಕಿದ್ದೀರಿ. ವಲಸಿಗರ ಕಷ್ಟ ಹೇಳಲು ವರದಿಗಳಿವೆ, ಕೋರ್ಟುಗಳಿವೆ. ಹಳೇ ಚಪ್ಪಲಿ ಹೇಗೆ ಕಲೆಯಾದೀತು?"

ಸಂಪಾದಕರ ಉತ್ತರ:

ವರದಿಯೂ ಬೇಕು, ಕೋರ್ಟೂ ಬೇಕು, ಒಪ್ಪಿದೆ. ಆದರೆ ಕೋರ್ಟು ಏನು ಮಾಡಿತು ನೋಡಿ. ಡೊಮಿನಿಕನ್ ಗಣರಾಜ್ಯ ಮತ್ತು ಹೈಟಿ ಒಂದೇ ದ್ವೀಪ ಹಂಚಿಕೊಂಡ ದೇಶಗಳು. ಕಾಯಂ ವಾಸದ ಹಕ್ಕಿಲ್ಲದ ವಲಸಿಗರಿಗೆ 1929ರಿಂದೀಚೆಗೆ ಹುಟ್ಟಿದ ಮಕ್ಕಳು ಪ್ರಜೆಗಳಲ್ಲ ಎಂದು ಡೊಮಿನಿಕನ್ ಸಂವಿಧಾನ ನ್ಯಾಯಾಲಯ 2013ರ ಸೆಪ್ಟೆಂಬರ್ 23ರಂದು ತೀರ್ಪು ಕೊಟ್ಟಿತು. ಅಜ್ಜನ ಕಾಲದಿಂದ ಅಲ್ಲೇ ಬದುಕಿದ್ದ ಹೈಟಿ ಮೂಲದವರಿಗೆ ದೇಶವೇ ಇಲ್ಲದಂತಾಯಿತು. ಅದಕ್ಕೂ ಮೂರು ವರ್ಷ ಮೊದಲೇ, 2010ರಲ್ಲಿ, ಅಲ್ಲಿನ ಕಲಾವಿದ ಡೇವಿಡ್ ಪೆರೆಸ್ ಕರ್ಮದಾವಿಸ್ ಒಂದು ಕೃತಿ ಮಾಡಿದ್ದರು. ಅಂಗ ಕಳೆದುಕೊಂಡ ಹೈಟಿಯ ಹೆಂಗಸನ್ನು ಕಣ್ಣಿಲ್ಲದ ಡೊಮಿನಿಕನ್ ಗಂಡಸೊಬ್ಬ ಎತ್ತಿಕೊಂಡು ನಡೆಯುತ್ತಾನೆ. ಕಾಲು ಅವನದು, ಕಣ್ಣು ಅವಳದು. ತೀರ್ಪಿನ ಅಷ್ಟೂ ಪುಟಗಳಿಗೆ ಇದಕ್ಕಿಂತ ನೇರವಾದ ಉತ್ತರ ಇನ್ನಾವುದಿದೆ?

ಈಗ ನಿಮ್ಮ ಚಪ್ಪಲಿಗೆ ಬರೋಣ. ಕೃತಿ ಡೊಮಿನಿಕನ್ ಕಲಾವಿದ ಟೋನಿ ಕಪೆಯಾನ್ ಅವರದು, 1996ರದು, ಹೆಸರು 'ಕೆರಿಬಿಯನ್ ಸಮುದ್ರ'. ಅಲ್ಲಿನ ರಾಜಧಾನಿ ಸ್ಯಾಂಟೊ ಡೊಮಿಂಗೊದ ಒಸಾಮಾ ನದಿಯ ದಡದಲ್ಲಿ ಬಡವರ ಗುಡಿಸಲುಗಳಿವೆ. ನೆರೆ ಬಂದಾಗ ಮನೆಯ ಸಾಮಾನಿನ ಜೊತೆ ಚಪ್ಪಲಿಯೂ ಕೊಚ್ಚಿಹೋಗುತ್ತದೆ. ಹಾಗೆ ತೇಲಿಬಂದವುಗಳಲ್ಲಿ ನೀಲಿ, ಹಸಿರು ಬಣ್ಣದವನ್ನೇ ಕಪೆಯಾನ್ ಆಯ್ದರು. ಹವಾಯಿ ಚಪ್ಪಲಿಯ ಅಟ್ಟೆಗೆ ಮೂರು ತೂತು, ಬೆರಳ ಸಂದಿಗೊಂದು, ಅಕ್ಕಪಕ್ಕಕ್ಕೆ ಎರಡು. ರಬ್ಬರಿನ ಬಾರು ಇರಬೇಕಾದ ಜಾಗದಲ್ಲಿ ಅವರು ಕೂರಿಸಿದ್ದು ಮುಳ್ಳುತಂತಿ. ದೂರದಿಂದ ಅದು ಪ್ರವಾಸದ ಪೋಸ್ಟರಿನ ಸಮುದ್ರ. ಹತ್ತಿರ ಹೋಗಿ ಬಗ್ಗಿದರೆ ಕಾಲಿಡಲಾಗದ ಬೇಲಿ. ಅಂಗಡಿಯಿಂದ ಹೊಸ ಚಪ್ಪಲಿ ತಂದು ಹೀಗೆ ಜೋಡಿಸಿದರೆ ಕೆಲಸ ಕೆಡುತ್ತದೆ, ಏಕೆಂದರೆ ಹಿಮ್ಮಡಿ ಒತ್ತಿ ಸವೆದ ಗುಳಿಯೇ ಇಲ್ಲಿ ಸಾಕ್ಷಿ. ಸಾಲು ನೆಟ್ಟಗಾದರೂ ಕೆಡುತ್ತದೆ, ಅಲೆ ಹೋಗಿ ದಾಸ್ತಾನು ಉಳಿಯುತ್ತದೆ.

ಗಯಾನಾದಲ್ಲಿ ಬೆಳೆದ ಹ್ಯೂ ಲಾಕ್ ಅವರ 2011ರ ದೋಣಿಗಳ ಕೃತಿಯದೂ ಇದೇ ಬಗೆಯ ಲೆಕ್ಕಾಚಾರ. ಮೀನುದೋಣಿಯಿಂದ ಹಿಡಿದು ವಿಲಾಸಿ ಹಡಗಿನವರೆಗೆ ಹತ್ತಾರು ಮಾದರಿಗಳು ಚಾವಣಿಯಿಂದ ಇಳಿಬಿದ್ದಿವೆ. ಪೀಠದ ಮೇಲಿಟ್ಟಿದ್ದರೆ ಆಟಿಕೆಗಳಾಗುತ್ತಿದ್ದವು. ನೇತುಹಾಕಿದ್ದರಿಂದ ನಾವು ದೋಣಿಯ ತಳ ನೋಡುತ್ತೇವೆ, ಮುಳುಗಿದವರು ನೋಡುವ ಕಡೆಯಿಂದ.

ನಿಮ್ಮಂಥ ಶ್ರದ್ಧೆಯ ಓದುಗರೂ ಚಿತ್ರದ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದರಲ್ಲ ಎಂಬುದೇ ನನ್ನ ಬೇಸರ. ತಪ್ಪು ನಿಮ್ಮೊಬ್ಬರದಲ್ಲ. ನಮಗೆ ಆ ಸೀಮೆ ಎಂದರೆ ಕ್ರಿಕೆಟ್. ಕನ್ಹಾಯ್, ಚಂದ್ರಪಾಲ್ ಹೆಸರು ಬಾಯಿಪಾಠ. ಆ ಹೆಸರುಗಳು ಗಯಾನಾಕ್ಕೆ ಹೋದದ್ದು ಹೇಗೆಂದು ಕೇಳುವವರು ಕಡಿಮೆ. 1838ರಲ್ಲಿ ಕಲ್ಕತ್ತೆಯಿಂದ ಹೊರಟ ಕರಾರು ಕೂಲಿಗಳ ಹಡಗುಗಳಿಂದ ಆ ಕಥೆ ಶುರು. ಆ ಸಂತತಿಯ ಸುಚಿತ್ರಾ ಮಟ್ಟಾಯ್ ಇಂದು ಉಟ್ಟು ಹಳತಾದ ಸೀರೆಗಳನ್ನು ಹೆಣೆದು ಗೋಡೆಯಗಲದ ಕೃತಿ ಮಾಡುತ್ತಾರೆ. ನಮ್ಮ ಪತ್ರಿಕೆಗಳೋ, ಇಂಥವನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಅಚ್ಚುಹಾಕಿ, ಯಾವುದರಿಂದ ಮಾಡಿದ್ದು, ಎಷ್ಟು ದೊಡ್ಡದು ಎಂದೂ ಹೇಳುವುದಿಲ್ಲ. ನಾವೂ ಹೇಳಿರಲಿಲ್ಲ. ಬರುವ ಸಂಚಿಕೆಯಲ್ಲಿ ಕಪೆಯಾನ್ ಅವರ ಚಿತ್ರವನ್ನು ಪೂರ್ತಿ ಪುಟಕ್ಕೆ ಹಾಕುತ್ತೇವೆ. ತಂತಿ ತೂತಿಗಿಳಿಯುವ ಜಾಗವನ್ನು ಒಮ್ಮೆ ನೋಡಿ ಮತ್ತೆ ಬರೆಯಿರಿ.