ಹಡಗು ಒಂದೇ, ಬುಕಿಂಗ್ ಮೂರು

ಪ್ರಶ್ನೆ: ನಾನಿರುವುದು ಸಿಯಾಟಲ್‌ನಲ್ಲಿ. ಅಪ್ಪನಿಗೆ ಎಪ್ಪತ್ತು ತುಂಬಿತೆಂದು, ಜುಲೈನಲ್ಲಿ ಮನೆಮಂದಿಯೆಲ್ಲ ಇಲ್ಲಿಂದ ಏಳು ರಾತ್ರಿಯ ಅಲಾಸ್ಕಾ ಕ್ರೂಸ್‌ಗೆ ಹೋಗೋಣ ಎಂದು ಹೊರಡಿಸಿದವಳು ನಾನೇ. ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಾರೆ. ಎಲ್ಲರ ಬುಕಿಂಗೂ ನಾನೇ ಮಾಡುತ್ತೇನೆ ಎಂದಿದ್ದೆ. ಅಷ್ಟರಲ್ಲಿ ನ್ಯೂಜೆರ್ಸಿಯ ಅಣ್ಣ ತನ್ನ ಏಜೆಂಟ್ ಹತ್ತಿರ ಮಾಡಿಸಿಬಿಟ್ಟ. ಡಲ್ಲಾಸ್‌ನ ಚಿಕ್ಕಮ್ಮನ ಮಗಳು ಆನ್‌ಲೈನ್‌ನಲ್ಲಿ ತಾನೇ ಮಾಡಿಕೊಂಡಳು. ರದ್ದು ಮಾಡಿ ಒಂದೇ ಕಡೆ ಮಾಡಿಸೋಣ ಎಂದರೆ, ‘ಎಲ್ಲದಕ್ಕೂ ನಿನ್ನದೇ ಯಜಮಾನಿಕೆ’ ಎಂದ ಅಣ್ಣ. ಅಂದಿನಿಂದ ಮಾತೂ ಕಡಿಮೆಯಾಗಿದೆ. ಏನು ಮಾಡಲಿ?

ಉತ್ತರ: ರದ್ದು ಮಾಡಿಸುವ ಮಾತನ್ನು ಇವತ್ತೇ ಕೈಬಿಡಿ. ಮುಂಗಡ ವಾಪಸ್ ಬಾರದ ದರದಲ್ಲಿ ಬುಕ್ ಆಗಿದ್ದರೆ ಆ ದುಡ್ಡು ಹೋಗುತ್ತದೆ, ಹೊಸ ಬುಕಿಂಗ್‌ಗೆ ಇವತ್ತಿನ ದರ ಬೀಳುತ್ತದೆ. ಬುಕಿಂಗ್ ಬೇರೆಯಾಗಿರುವುದರಿಂದ ಅನುಕೂಲವೂ ಇದೆ. ನಾಳೆ ಅಣ್ಣನಿಗೆ ರಜೆ ಸಿಗದಿದ್ದರೆ ನಷ್ಟ ಅವರ ಕೋಣೆಯ ಮಟ್ಟಿಗೆ ನಿಲ್ಲುತ್ತದೆ, ನಿಮ್ಮ ಕಾರ್ಡಿಗೆ ತಗಲುವುದಿಲ್ಲ.

ಮೊದಲು ಅಪ್ಪ ಅಮ್ಮನ ಕಾಗದಪತ್ರ ನೋಡಿ. ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ನೋಡಿ ಸಿಯಾಟಲ್‌ಗೇ ಬರುವ ಹಡಗು ಅಮೆರಿಕ ಬಿಟ್ಟು ಎಲ್ಲಿ ಹೋಗುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಇವು ಹೊರದೇಶದ ಬಾವುಟದ ಹಡಗುಗಳು, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದವು. 1886ರ ಒಂದು ಅಮೆರಿಕನ್ ಕಾಯ್ದೆಯ ಪ್ರಕಾರ ಇಂಥ ಪ್ರಯಾಣದಲ್ಲಿ ಅವು ಬೇರೆ ದೇಶದ ಬಂದರೊಂದನ್ನು ಮುಟ್ಟಲೇಬೇಕು. ಅದಕ್ಕೇ ಹೆಚ್ಚಿನವು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಆ ಕೆಲವು ಗಂಟೆಗೂ ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು. ‘ನಾವು ಹಡಗಿನಿಂದ ಇಳಿಯುವುದಿಲ್ಲ’ ಎಂದು ನಂಬಿ ಕೂರಬೇಡಿ. ಕಾಗದ ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹತ್ತಿಸಿಕೊಳ್ಳುವುದಿಲ್ಲ, ದುಡ್ಡೂ ಬರುವುದಿಲ್ಲ. ವಾಪಸ್ ಬರುವಾಗ ಮತ್ತೆ ಅಮೆರಿಕ ಪ್ರವೇಶ, ಆದ್ದರಿಂದ ಅವರ ಅಮೆರಿಕ ವೀಸಾ ಹಲವು ಪ್ರವೇಶದ್ದೇ ಎಂದು ನೋಡಿಕೊಳ್ಳಿ. ನಿಮ್ಮಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವರಿಗೂ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಕಾರ್ಡ್ ಮತ್ತು ಪಾಸ್‌ಪೋರ್ಟ್ ಸಾಕು. ಇದನ್ನು ಅಣ್ಣನ ಏಜೆಂಟ್ ಹೇಳಿದ್ದಾರೋ ಇಲ್ಲವೋ! ಅಣ್ಣನಿಗೆ ನೀವು ಮಾಡುವ ಮೊದಲ ಫೋನ್ ಇದರ ಬಗ್ಗೆಯೇ ಇರಲಿ.

ಹೆಸರಿನ ತೊಡಕೂ ಇರಬಹುದು. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರ ಅಮೆರಿಕ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಬುಕಿಂಗ್ ಮಾಡುವಾಗ ‘ಎಂ.ಕೆ.’ ಅಂತ ಇನಿಶಿಯಲ್ ಹಾಕಿದ್ದರೆ ಯಾವುದಕ್ಕೂ ಹೊಂದುವುದಿಲ್ಲ. ಪಾಸ್‌ಪೋರ್ಟಿನ ಫೋಟೋ ಇರುವ ಪುಟ ಎದುರಿಗಿಟ್ಟುಕೊಂಡು, ಒಂದೇ ಹೆಸರಿದ್ದರೆ ಹೇಗೆ ನಮೂದಿಸುತ್ತಾರೆಂದು ಕ್ರೂಸ್ ಕಂಪನಿಗೇ ಕೇಳಿ ಈಗಲೇ ತಿದ್ದಿಸಿ.

ಇನ್ನು ಮೂರು ಬುಕಿಂಗ್‌ಗಳು. ಪ್ರತಿಯೊಂದಕ್ಕೂ ಒಂದು ನಂಬರ್ ಇರುತ್ತದೆ. ಮೂರನ್ನೂ ಕಂಪನಿಗೆ ಕೊಟ್ಟು ‘ಲಿಂಕ್ ಮಾಡಿ’, ಅಂದರೆ ಒಂದೇ ಗುಂಪೆಂದು ಜೋಡಿಸಿ, ಎಂದರೆ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ಇದರಿಂದ ದುಡ್ಡಾಗಲಿ ರದ್ದತಿಯಾಗಲಿ ಬೆರೆಯುವುದಿಲ್ಲ. ಆದರೆ ಏಜೆಂಟ್ ಮೂಲಕ ಆದ ಬುಕಿಂಗ್‌ನಲ್ಲಿ ಬದಲಾವಣೆ ಏಜೆಂಟ್‌ನಿಂದಲೇ ಆಗಬೇಕು, ನೀವು ಫೋನ್ ಮಾಡಿದರೆ ಕಂಪನಿ ಮುಟ್ಟುವುದಿಲ್ಲ. ಅಣ್ಣನೇ ಏಜೆಂಟ್‌ಗೆ ಹೇಳಬೇಕು. ಲಿಂಕ್ ಆದಮೇಲೂ ಹೆಚ್ಚಿನವರು ಎಡವುವುದು ರಾತ್ರಿಯೂಟದಲ್ಲಿ: ಒಬ್ಬರದು ಐದೂವರೆಯ ಪಂಕ್ತಿ, ಒಬ್ಬರದು ಎಂಟರದು, ಮತ್ತೊಬ್ಬರದು ‘ಯಾವಾಗ ಬೇಕಾದರೂ ಬನ್ನಿ’ ಎಂಬುದು. ಮೂರೂ ಒಂದೇ ಬಗೆಯದ್ದಾಗದೆ ಒಂದೇ ಮೇಜು ಸಿಗುವುದಿಲ್ಲ. ಹೊತ್ತಿಗೆ ಸರಿಯಾಗಿ ಉಂಡು ಮಲಗುವ ಹಿರಿಯರಿದ್ದಾರೆ, ಎಲ್ಲರೂ ಮೊದಲ ಪಂಕ್ತಿ ಕೇಳಿ. ಆ ಪಂಕ್ತಿ ಬೇಗ ತುಂಬುತ್ತದೆ, ತಡ ಮಾಡಬೇಡಿ.

ಕೋಣೆಗಳು ಅಕ್ಕಪಕ್ಕ ಇರಬೇಕೆಂಬ ಹಟ ಬೇಡ, ಅಪ್ಪ ಅಮ್ಮನ ಪಕ್ಕ ಒಬ್ಬರಿದ್ದರೆ ಸಾಕು. ಯಾರಾದರೂ ಅಗ್ಗವೆಂದು ‘ಗ್ಯಾರಂಟಿ’ ಕೋಣೆ ತೆಗೆದುಕೊಂಡಿದ್ದರೆ ನಂಬರ್ ಕಂಪನಿ ಕೊಟ್ಟದ್ದೇ, ಅವರನ್ನು ಪಕ್ಕಕ್ಕೆ ತರುವುದು ಕಷ್ಟ. ಮೊಮ್ಮಕ್ಕಳನ್ನು ಅಜ್ಜ ಅಜ್ಜಿಯ ಕೋಣೆಗೆ ಸೇರಿಸುವ ಯೋಚನೆಯಿದ್ದರೆ ಈಗಲೇ ಹೇಳಿ. ಹಾಸಿಗೆ ಖಾಲಿಯಿದ್ದರೂ ಆ ಭಾಗದ ಲೈಫ್‌ಬೋಟಿನ ಲೆಕ್ಕ ತುಂಬಿದ್ದರೆ ಸೇರಿಸಲು ಒಪ್ಪುವುದಿಲ್ಲ. ಯಾರು ಎಷ್ಟು ಕೊಟ್ಟರು ಎಂದು ಮಾತ್ರ ಹೋಲಿಸಲು ಹೋಗಬೇಡಿ. ಬುಕ್ ಮಾಡಿದ ದಿನ, ಸೇರಿಸಿಕೊಂಡ ವೈಫೈ, ಪಾನೀಯ ಎಲ್ಲ ಬೇರೆ ಬೇರೆ, ಲೆಕ್ಕ ಎಂದೂ ತಾಳೆಯಾಗುವುದಿಲ್ಲ.

ಅಣ್ಣನಿಗೆ ವಾಟ್ಸಾಪ್ ಗುಂಪಿನಲ್ಲಿ ಬರೆಯಬೇಡಿ, ನೇರವಾಗಿ ಫೋನ್ ಮಾಡಿ. ‘ಅಣ್ಣಾ, ನಿನ್ನ ಬುಕಿಂಗಿಗೆ ನಾನು ಕೈ ಹಾಕಲ್ಲ. ಅಪ್ಪ ಅಮ್ಮನ ವೀಸಾ ನಾನು ನೋಡ್ಕೋತೀನಿ. ನಿನ್ನ ಬುಕಿಂಗ್ ನಂಬರ್ ಕಳಿಸು, ಏಜೆಂಟ್‌ಗೆ ಹೇಳಿ ಊಟದ ಹೊತ್ತು ನಮ್ಮದರ ಜೊತೆ ಸೇರಿಸು’ ಎನ್ನಿ. ‘ಯಜಮಾನಿಕೆ’ ಎಂದದ್ದು ನಿಮಗೆ ಚುಚ್ಚಿದೆ, ಸಹಜ. ಅದನ್ನು ಈ ಫೋನಿನಲ್ಲಿ ಎತ್ತಬೇಡಿ. ಅಲಾಸ್ಕಾದ ಜುನೋ ಬಂದರಿನಲ್ಲಿ ಇಳಿದು ಎಲ್ಲಿ ಸುತ್ತಬೇಕೆಂಬುದನ್ನು ಅವರವರಿಗೇ ಬಿಡಿ. ಕೊನೆಯ ಕಂತು ಸಾಮಾನ್ಯವಾಗಿ ಹೊರಡುವ ದಿನಕ್ಕೆ 75ರಿಂದ 90 ದಿನ ಮೊದಲು ಕಟ್ಟಬೇಕು, ಲಿಂಕ್ ಮತ್ತು ಊಟದ ಕೆಲಸ ಅದಕ್ಕೆ ಮುಂಚೆ ಮುಗಿದಿರಲಿ.

ಹಡಗು ಹತ್ತಿದ ಮಧ್ಯಾಹ್ನ, ಊಟದ ಹೊತ್ತಿಗೆ ಕಾಯದೆ, ಡೈನಿಂಗ್ ರೂಮಿನ ಮೇಲ್ವಿಚಾರಕರನ್ನು ಕಂಡು ಮೇಜಿನ ನಂಬರ್ ಮೂರೂ ಬುಕಿಂಗ್‌ಗೆ ಒಂದೇ ಇದೆಯೇ ನೋಡಿ. ಅಪ್ಪ ಅಮ್ಮ ಮೊಟ್ಟೆ ತಿನ್ನದವರಾದರೆ, ಮೀನು ಮಾಂಸ ಬೇಯಿಸಿದ ನೀರು ಬಿದ್ದ ಸೂಪೂ ಆಗದಿದ್ದರೆ, ಆಗಲೇ ಬಿಡಿಸಿ ಹೇಳಿ. ಮರುದಿನದ ಊಟವನ್ನು ಹಿಂದಿನ ರಾತ್ರಿಯೇ ಕೇಳಿ ಬರೆದುಕೊಳ್ಳುವ ಪದ್ಧತಿ ಅನೇಕ ಹಡಗುಗಳಲ್ಲಿದೆ, ಅದನ್ನೂ ವಿಚಾರಿಸಿ.