ಸಣ್ಣ ಊರಿನ ಹೋಟೆಲಿಗೆ ಮನೆಮಂದಿ ಜೊತೆ ಹೋಗಬೇಕಾ? ಹೋಗಿ, ಆದರೆ ಒಂದೂವರೆಗೆ ಬೇಡ

ನಿಮ್ಮ ಪ್ರಶ್ನೆ ಓದಿದೆ. ರಜೆಯ ದಿನ ಏಳು ಜನ ಹೊರಟಿದ್ದೀರಿ. ನೀವಿಬ್ಬರು, ನಾಲ್ಕು ವರ್ಷದ ಮಗಳು, 74 ವರ್ಷದ ತಂದೆ, ಜೊತೆಗೆ ಅಣ್ಣನ ಮನೆಯ ಮೂವರು. ದಾರಿಯಲ್ಲಿ ಸಿಕ್ಕ ಸಣ್ಣ ಊರಿನಲ್ಲಿ ಒಂದು ಕುಟುಂಬವೇ ನಡೆಸುವ ಹೋಟೆಲಿಗೆ ಹೋದಿರಿ. ಆಗ ಮಧ್ಯಾಹ್ನ ಒಂದೂವರೆ. ಊಟ ಬರುವಷ್ಟರಲ್ಲಿ ಒಂದು ಗಂಟೆ ಕಳೆಯಿತು, ಮಗು ಅತ್ತಿತು, ತಂದೆ ಯಾರ ಜೊತೆಗೂ ಮಾತಾಡದೆ ಕೂತರು, ಅರ್ಧ ಜನ ಉಂಡು ಮುಗಿಸಿದ ಮೇಲೆ ಉಳಿದವರ ತಟ್ಟೆ ಬಂತು. ಇನ್ನು ಮುಂದೆ ದೊಡ್ಡ ಬ್ರಾಂಡಿನ ಹೋಟೆಲೇ ಸಾಕು ಅಂತ ನಿಮ್ಮ ಮನೆಯವರು ಹೇಳಿದ್ದಾರೆ. ಅದು ಸರಿನಾ ಅಂತ ಕೇಳಿದ್ದೀರಿ.

ಅವರಿಗೆ ಬೇಜಾರಾಗಿದ್ದು ಸರಿಯೇ. ಹಸಿದ ಮಗುವನ್ನು ಒಂದು ಗಂಟೆ ಸಮಾಧಾನ ಮಾಡುವುದು ಸುಮ್ನೆ ಮಾತಲ್ಲ. ಆದರೆ ಆ ತೀರ್ಮಾನ ಬೇಡ ಅಂತ ನಾನು ಹೇಳುತ್ತೇನೆ. ಯಾಕೆ ಅಂದರೆ ಆ ಅಡುಗೆಮನೆಯ ಒಳಗಡೆ ಆವತ್ತು ಏನಾಗಿರಬಹುದು ಅಂತ ನನಗೆ ಗೊತ್ತು.

ನನ್ನ ಸೋದರಮಾವ ಇಂಥದ್ದೇ ಒಂದು ಹೋಟೆಲ್ ನಡೆಸುತ್ತಿದ್ದರು. ನಾನು ಅಲ್ಲಿ ಎರಡು ವರ್ಷ ಬಡಿಸುವ ಕೆಲಸ ಮಾಡಿದ್ದೇನೆ. 24 ಕುರ್ಚಿ, ನಾಲ್ಕು ಒಲೆ. ಒಳಗೆ ಅತ್ತೆ ಮತ್ತು ಒಬ್ಬ ಸಹಾಯಕ, ಗಲ್ಲಾದಲ್ಲಿ ಮಾವ, ಹೊರಗೆ ನಾನು. ಅಷ್ಟೇ ಜನ. ಒಂದು ಭಾನುವಾರ, ಹೆಚ್ಚುಕಡಿಮೆ ನೀವು ಹೋದ ಹೊತ್ತಿಗೇ, 11 ಜನರ ಒಂದು ಕುಟುಂಬ ಬಂತು. ಎಲ್ಲರೂ ಒಂದೊಂದು ಹೇಳಿದರು. ಚೀಟಿಯಲ್ಲಿ ಒಂಬತ್ತು ಬೇರೆ ಬೇರೆ ಐಟಂ. ನಾನು ಅದನ್ನು ಅತ್ತೆಯ ಕಣ್ಣೆದುರಿನ ಮೊಳೆಗೆ ಸಿಕ್ಕಿಸಿದೆ. ಅವರು ಮುಂಗೈಯಲ್ಲಿ ಹಣೆ ಒರೆಸಿಕೊಂಡು ಚೀಟಿ ಓದಿದರು, ಮೇಲಿಂದ ಕೆಳಗೆ ಒಂದು ಸಲ, ಮತ್ತೆ ಕೆಳಗಿಂದ ಮೇಲೆ ಒಂದು ಸಲ. ಏನೂ ಮಾತಾಡಲಿಲ್ಲ. ಎರಡು ಒಲೆ ಆಗಲೇ ಬೇರೆ ಟೇಬಲ್‌ಗಳಿಗೆ ಉರಿಯುತ್ತಿದ್ದವು. ಉಳಿದಿದ್ದು ಎರಡು. ಒಂದೊಂದು ಐಟಮ್ಮಿಗೆ ಎಂಟು ನಿಮಿಷ ಅಂದುಕೊಳ್ಳಿ, ಎರಡು ಒಲೆಯಲ್ಲಿ ಒಂಬತ್ತು ಐಟಂ ಅಂದರೆ ಐದು ಸುತ್ತು. ಅಲ್ಲಿಗೇ 40 ನಿಮಿಷ ಆಯಿತು. ಮೊದಲು ಆದದ್ದನ್ನು ಇಟ್ಟುಕೊಂಡರೆ ಆರಿಹೋಗುತ್ತದೆ, ಕೊಟ್ಟರೆ ಉಳಿದವರು ಬಾಯಿ ನೋಡುತ್ತಾ ಕೂರಬೇಕು. ಅತ್ತೆ ಆದ ಹಾಗೆಲ್ಲ ಕೊಟ್ಟು ಕಳಿಸಿದರು. ಆ ಕುಟುಂಬದ ಹಿರಿಯರು ನನ್ನ ಮೇಲೆ ಕೂಗಾಡಿದರು, ಮಾವ ಎದ್ದು ಬಂದು ಕೈಮುಗಿದರು. ಅವರು ಮತ್ತೆ ಆ ಕಡೆ ಬರಲಿಲ್ಲ. ಆವತ್ತು ಅಡುಗೆಮನೆಯಲ್ಲಿ ಯಾರೂ ಒಂದು ನಿಮಿಷವೂ ಕೈಕಟ್ಟಿ ನಿಂತಿರಲಿಲ್ಲ.

ದೊಡ್ಡ ಬ್ರಾಂಡಿನ ಕಡೆ ಬೇಗ ಆಗುವುದಕ್ಕೆ ಕಾರಣ ಅಲ್ಲಿಯವರು ಜಾಸ್ತಿ ಚುರುಕು ಅಂತಲ್ಲ. ಎಷ್ಟೋ ಕಡೆ ಅರ್ಧ ಅಡುಗೆ ಬೇರೆಲ್ಲೋ ದೊಡ್ಡ ಅಡುಗೆಮನೆಯಲ್ಲಿ ಆಗಿ, ತಣ್ಣಗಾಗಿ ಬಂದಿರುತ್ತದೆ. ಇಲ್ಲಿ ಬಿಸಿ ಮಾಡಿ ಜೋಡಿಸಿ ಕೊಡುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆಸ್ಪತ್ರೆಗೆ ಹೋಗುವ ದಾರಿ, ರೈಲು ಹಿಡಿಯುವ ಅವಸರ, ಅಂಥ ದಿನ ನಾನೂ ಅಲ್ಲಿಗೇ ಹೋಗುತ್ತೇನೆ. ಆದರೆ ಮನೆಮಂದಿ ಒಟ್ಟಿಗೆ ಕೂತು ಉಣ್ಣಬೇಕು ಅಂತ ಹೊರಟ ದಿನದ ಲೆಕ್ಕವೇ ಬೇರೆ ಅಲ್ವಾ?

ಹಾಗಾಗಿ ಮೊದಲು ಬದಲಾಯಿಸಬೇಕಾದ್ದು ಹೋಟೆಲನ್ನಲ್ಲ, ಹೊತ್ತನ್ನು. ಗಿರಾಕಿಗಳು ತುಂಬುವ ಮುಂಚೆ ಹೋಗಿ. ಹನ್ನೆರಡಕ್ಕೆ ಬಾಗಿಲು ತೆರೆಯುವ ಜಾಗವಾದರೆ ಹನ್ನೆರಡೂಕಾಲಕ್ಕೆ ಕೂತುಬಿಡಿ. ಒಲೆ ಖಾಲಿ ಇರುತ್ತದೆ, ಬೆಳಿಗ್ಗೆ ತಂದ ಸಾಮಾನು ಪೂರ್ತಿ ಇರುತ್ತದೆ, ಮಾಡುವವರ ಮುಖದಲ್ಲೂ ಗೆಲುವು ಇರುತ್ತದೆ. ತಡವಾಗಿ ಹೋದರೆ ಕಾಯುವುದು ಮಾತ್ರವಲ್ಲ, ಕೇಳಿದ್ದಕ್ಕೆಲ್ಲ ಖಾಲಿಯಾಗಿದೆ ಅನ್ನುತ್ತಾರೆ. ಸಣ್ಣ ಹೋಟೆಲಿನವರು ಆವತ್ತಿನ ಅಂದಾಜಿಗೆ ಆವತ್ತು ತರುತ್ತಾರೆ. ಜಾಸ್ತಿ ತಂದು ಉಳಿದರೆ ಆ ನಷ್ಟ ಅವರ ಮನೆಯ ದುಡ್ಡು.

ಐದು ಜನರಿಗಿಂತ ಜಾಸ್ತಿ ಇದ್ದರೆ ಬೆಳಿಗ್ಗೆಯೇ ಒಂದು ಫೋನ್ ಮಾಡಿ. ಮಾವನಿಗೆ ಹೀಗೆ ಫೋನ್ ಮಾಡಿ ಬರುತ್ತಿದ್ದ ಒಂದು ಕುಟುಂಬ ಇತ್ತು. "ಆರು ಜನ, ಹನ್ನೆರಡೂಕಾಲು, ಅಮ್ಮ ಗಾಲಿಕುರ್ಚಿಯಲ್ಲಿದ್ದಾರೆ." ಇಷ್ಟೇ ಹೇಳುತ್ತಿದ್ದರು. ಮಾವ ಹನ್ನೆರಡಕ್ಕೇ ಬಾಗಿಲ ಪಕ್ಕದ ಟೇಬಲ್‌ನಿಂದ ಒಂದು ಕುರ್ಚಿ ಎತ್ತಿ ಹಿಂದೆ ಇಡುತ್ತಿದ್ದರು. ಆ ಖಾಲಿ ಜಾಗಕ್ಕೆ ಗಾಲಿಕುರ್ಚಿ ಸರಿಯಾಗಿ ಬಂದು ನಿಲ್ಲುತ್ತಿತ್ತು. ಆ ಅಜ್ಜಿ ಕೂತ ತಕ್ಷಣ ಎರಡೂ ಅಂಗೈಯನ್ನು ಟೇಬಲ್ ಮೇಲೆ ಚಪ್ಪಟೆಯಾಗಿ ಇಟ್ಟು ಒಂದು ಸಲ ಒತ್ತಿ ನೋಡುತ್ತಿದ್ದರು, ಅಲ್ಲಾಡುತ್ತಾ ಅಂತ. ಅಲ್ಲಾಡದ ಹಾಗೆ ಮಾವ ಕಾಲಿನ ಕೆಳಗೆ ಮಡಚಿದ ರಟ್ಟು ಮೊದಲೇ ಸಿಕ್ಕಿಸಿರುತ್ತಿದ್ದರು. ಇದನ್ನೆಲ್ಲ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮಾಲೀಕನೇ ಎದುರಿಗೆ ನಿಂತಿರುವ ಜಾಗದಲ್ಲಿ ಮಾತ್ರ ಇದು ಸಿಗುತ್ತದೆ ಅನ್ನುವುದು ನನ್ನ ನಂಬಿಕೆ, ಸಣ್ಣ ಹೋಟೆಲು ಬೇಕು ಅಂತ ನಾನು ಇಷ್ಟು ಹಟ ಹಿಡಿಯುವುದೂ ಇದಕ್ಕೇ.

ಮತ್ತೆ, ಫೋನ್ ಮಾಡಿ ಹೇಳಿದ ಮೇಲೆ ಹೋಗಲಾಗದಿದ್ದರೆ ದಯವಿಟ್ಟು ತಿಳಿಸಿ. 24 ಕುರ್ಚಿಯಲ್ಲಿ ಏಳು ಕುರ್ಚಿ ಕಾದು ಖಾಲಿ ಉಳಿಯುವುದು ಅವರಿಗೆ ತುಂಬಾ ದೊಡ್ಡದು.

ಇನ್ನು ಆರ್ಡರ್. ಏಳು ಜನರಿಗೆ ಏಳು ಬಗೆ ಬೇಡ. ಮೂರು ಬಗೆ ಸಾಕು, ಹಂಚಿಕೊಂಡು ತಿನ್ನಿ. ಮೆನು ಕಾರ್ಡನ್ನು ಪಕ್ಕಕ್ಕಿಟ್ಟು "ಇವತ್ತು ಏನು ಚೆನ್ನಾಗಿದೆ, ಯಾವುದು ಬೇಗ ಆಗುತ್ತದೆ?" ಅಂತ ನೇರವಾಗಿ ಕೇಳಿ. ಮಗುವಿನದ್ದನ್ನು ಮೊದಲು ಕೊಡಿ ಅಂತ ಬಾಯಿಬಿಟ್ಟು ಹೇಳಿ. ಹೇಳಿದರೆ ಖಂಡಿತ ಕೊಡುತ್ತಾರೆ, ಹೇಳದಿದ್ದರೆ ಚೀಟಿಯಲ್ಲಿ ಅದಕ್ಕೂ ಉಳಿದದ್ದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮಗಳು ಹೊಸದನ್ನು ಮುಟ್ಟುವುದೇ ಇಲ್ಲ, ಅದಕ್ಕೇ ಗೊತ್ತಿರುವ ಬ್ರಾಂಡ್ ಬೇಕು ಅನ್ನುತ್ತಾಳೆ ಅಂತಲೂ ಬರೆದಿದ್ದೀರಿ. ಅದು ಆ ವಯಸ್ಸಿಗೆ ಸಹಜ. ಲಿಯಾನ್ ಬರ್ಚ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1980ರ ದಶಕದಿಂದ ಪುಟ್ಟ ಮಕ್ಕಳ ಜೊತೆ ಕೆಲಸ ಮಾಡಿ ತೋರಿಸಿದ್ದು ಏನೆಂದರೆ, ಒಂದು ಹೊಸ ರುಚಿ ಮಗುವಿಗೆ ಒಗ್ಗಬೇಕಾದರೆ ಅದು ಹಲವು ಸಲ ನಾಲಿಗೆಗೆ ತಾಗಬೇಕು. 8-10 ಸಲ ಬೇಕಾಗುವುದೂ ಇದೆ. ಒಂದೇ ಸಲಕ್ಕೆ ಬೇಡ ಅಂದಳು ಅಂತ ಕೈಬಿಡಬೇಡಿ, ಬಾಯಿಗೆ ತುರುಕಲೂ ಬೇಡಿ. ಮಕ್ಕಳ ಊಟದ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಎಲಿನ್ ಸ್ಯಾಟರ್ ಹೇಳುವ ಹಂಚಿಕೆ ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂತು. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಪಾಲು. ತಿನ್ನುವುದೋ ಬಿಡುವುದೋ, ಎಷ್ಟು ತಿನ್ನುವುದು ಅನ್ನುವುದು ಮಗುವಿನ ಪಾಲು. ಟೇಬಲ್ ಮೇಲೆ ಅವಳಿಗೆ ಗೊತ್ತಿರುವ ಒಂದು ಬಗೆ ಇರಲಿ, ಹೊಸದು ಪಕ್ಕದಲ್ಲಿ ಒಂದು ಚಮಚ ಇರಲಿ. ನನ್ನ ಮಗ ನಾಲ್ಕು ಸಲ ಹಾಗೇ ಬಿಟ್ಟ, ಐದನೇ ಸಲ ಯಾರೂ ನೋಡದಾಗ ಬೆರಳಲ್ಲಿ ಮುಟ್ಟಿ ನೆಕ್ಕಿದ. ನಾವು ನೋಡದ ಹಾಗೆ ಇದ್ದೆವು.

ಕಾಯುವ ಹೊತ್ತು ಎಷ್ಟೇ ಮಾಡಿದರೂ ಇದ್ದೇ ಇರುತ್ತದೆ, ಇಪ್ಪತ್ತು ನಿಮಿಷ ಅಂತೂ ಬೇಕು. ಆರ್ಡರ್ ಕೊಟ್ಟು ಒಬ್ಬರು ಮಗುವನ್ನು ಕರೆದುಕೊಂಡು ಬೀದಿಯ ತುದಿವರೆಗೆ ನಡೆದು ಬನ್ನಿ. ಉಳಿದ ಹೊತ್ತು ತಂದೆಯ ಕೈಗೆ ಕೊಡಿ. ಅವರು ಚಿಕ್ಕವರಿದ್ದಾಗಿನ ಒಂದು ಕತೆ ಹೇಳಲಿ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ 2001ರ ಸುಮಾರಿಗೆ ಹಲವು ಕುಟುಂಬಗಳ ಊಟದ ಹೊತ್ತಿನ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡು ಕೇಳಿದರು, ಮನೆತನದ ಬಗ್ಗೆ ಮಕ್ಕಳಿಗೆ 20 ಪ್ರಶ್ನೆ ಕೇಳಿದರು. ಅಪ್ಪ ಅಮ್ಮ ಹೇಗೆ ಭೇಟಿಯಾದರು, ಅಜ್ಜ ಎಲ್ಲಿ ಬೆಳೆದರು, ಇಂಥವು. ಮನೆಯ ಕತೆ ಜಾಸ್ತಿ ಗೊತ್ತಿದ್ದ ಮಕ್ಕಳಿಗೆ ತಮ್ಮ ಮೇಲೆ ತಮಗೆ ಭರವಸೆಯೂ ಜಾಸ್ತಿ ಇತ್ತು. ಆ ಇಪ್ಪತ್ತು ನಿಮಿಷದಲ್ಲಿ ಫೋನ್ ಕೊಟ್ಟು ಕೂರಿಸಿದರೆ ಇದಕ್ಕೆ ಜಾಗವೇ ಇರುವುದಿಲ್ಲ.

ತಂದೆ ಮಾತಾಡದೆ ಕೂತರು ಅಂದಿರಲ್ಲ, ಅದು ನನ್ನನ್ನು ಬಹಳ ಹೊತ್ತು ಕಾಡಿತು. ಸಿಟ್ಟಲ್ಲದೇ ಇರಬಹುದು. ಕೇಳಿಸದೇ ಇರಬಹುದು. ನಮ್ಮ ಅಪ್ಪನೂ ಹೀಗೇ ಮಾಡುತ್ತಿದ್ದರು, ನಾವು ವರ್ಷಗಟ್ಟಲೆ ಅವರಿಗೆ ಹೊರಗಿನ ಊಟ ಇಷ್ಟವಿಲ್ಲ ಅಂದುಕೊಂಡಿದ್ದೆವು. ವಯಸ್ಸಾದ ಹಾಗೆ ಮೊದಲು ಹೋಗುವುದು ತೀಕ್ಷ್ಣ ಸದ್ದುಗಳು. ಸ, ತ, ಕ ಇಂಥ ಅಕ್ಷರಗಳೇ ಜಾರಿಹೋಗುತ್ತವೆ, ಹಾಗಾಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಗದ್ದಲದಲ್ಲಿ ಇದು ಇನ್ನೂ ಕಷ್ಟ. ಸುತ್ತ ಸದ್ದು ಏರಿದರೆ ಮನುಷ್ಯ ತನಗೆ ಗೊತ್ತಿಲ್ಲದೇ ದನಿ ಏರಿಸುತ್ತಾನೆ, ಅದರಿಂದ ಪಕ್ಕದ ಟೇಬಲ್ಲಿನವರೂ ಏರಿಸುತ್ತಾರೆ. ಎಟಿಯೆನ್ ಲೊಂಬಾರ್ ಎಂಬ ಫ್ರಾನ್ಸಿನ ವೈದ್ಯರು 1911ರಲ್ಲೇ ಇದರ ಬಗ್ಗೆ ಬರೆದಿದ್ದರು, ಈಗಲೂ ಇದಕ್ಕೆ ಅವರದ್ದೇ ಹೆಸರು. ತುಂಬಿದ ಹೋಟೆಲಲ್ಲಿ ಎಲ್ಲರೂ ಕೂಗಿ ಮಾತಾಡುವುದು ಇದಕ್ಕೇ. ಬೇಗ ಹೋದರೆ ಇದೂ ಅರ್ಧ ತಪ್ಪುತ್ತದೆ. ಮೂಲೆಯ ಟೇಬಲ್ ಕೇಳಿ. ತಂದೆಯ ಬೆನ್ನು ಗೋಡೆಗೆ ಇರಲಿ, ಮಾತಾಡುವವರ ಮುಖ ಅವರಿಗೆ ಕಾಣುವ ಹಾಗೆ ಬೆಳಕಿರಲಿ. ಟಿವಿ ಇದ್ದರೆ ಸ್ವಲ್ಪ ಕಡಿಮೆ ಮಾಡಿ ಅಂತ ಕೇಳಿ. ನಾವು ಮೂಲೆಗೆ ಕೂರಿಸಿದ ದಿನ ಅಪ್ಪ ಮೊದಲ ಸಲ ಸೊಸೆಯ ಮಾತಿಗೆ ಮಾತು ಸೇರಿಸಿದರು, ತಟ್ಟೆ ಖಾಲಿಯಾದ ಮೇಲೂ ಏಳಲಿಲ್ಲ.

ಫೋನ್ ಮಾಡಿದಾಗಲೇ ಮೆಟ್ಟಿಲು ಎಷ್ಟಿವೆ, ಟಾಯ್ಲೆಟ್ ಎಲ್ಲಿದೆ ಅಂತಲೂ ಕೇಳಿಬಿಡಿ. ಸಣ್ಣ ಕಟ್ಟಡಗಳಲ್ಲಿ ಅದು ಹಿತ್ತಿಲಲ್ಲೋ ಮಹಡಿಯಲ್ಲೋ ಇರುವುದುಂಟು.

ಶುಚಿಯ ವಿಷಯಕ್ಕೆ ಬಂದರೆ ನಾನು ರಾಜಿ ಮಾಡಿಕೊಳ್ಳುವುದಿಲ್ಲ, ಪ್ರೀತಿಯ ಹೋಟೆಲಾದರೂ ಸರಿ. ಮಾಡಿದ ಅಡುಗೆ ಬಡಿಸುವ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು, ಹೊರಗೆ ಹಾಗೇ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ. ನೀವು ಥರ್ಮಾಮೀಟರ್ ಒಯ್ಯಬೇಕಿಲ್ಲ. ಬಿಸಿಯಾಗಿ ಇರಬೇಕಾದ್ದು ಉಗುರುಬೆಚ್ಚಗೆ ಬಂದರೆ ಮಗುವಿಗೂ ತಂದೆಗೂ ಕೊಡಬೇಡಿ, ವಾಪಸ್ ಕಳಿಸಿ. ಕೈತೊಳೆಯುವ ಜಾಗದಲ್ಲಿ ಸೋಪಿಲ್ಲದಿದ್ದರೆ ನಾನು ಕೂರುವುದೇ ಇಲ್ಲ. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ, ಎಳ್ಳು, ಹಾಲು, ಮೊಟ್ಟೆಯಂಥದ್ದರ ಅಲರ್ಜಿ ಇದ್ದರೆ ಬಡಿಸುವವರಿಗೆ ಹೇಳಿ ಸುಮ್ಮನಾಗಬೇಡಿ, ಅಡುಗೆ ಮಾಡುವವರ ಜೊತೆಯೇ ಮಾತಾಡಿ. ಒಂದೇ ಬಾಣಲೆ, ಒಂದೇ ಸೌಟು ಬಳಸುವ ಜಾಗ ಅದು. ಅವರು ತಡವರಿಸಿದರೆ ಅಲ್ಲಿ ತಿನ್ನಬೇಡಿ.

ಏನಾದರೂ ಸರಿಯಿಲ್ಲದಿದ್ದರೆ ಅಲ್ಲೇ, ಆಗಲೇ, ಮೆಲ್ಲಗೆ ಮಾಲೀಕರಿಗೆ ಹೇಳಿ. ಎದ್ದು ಬಂದು ರಾತ್ರಿ ಒಂದು ಸ್ಟಾರ್ ಕೊಡುವುದಕ್ಕಿಂತ ಅದು ಎಷ್ಟೋ ಉತ್ತಮ. ಹೋದ ವರ್ಷ ಒಂದು ಕಡೆ ಉಪ್ಪು ವಿಪರೀತ ಆಗಿತ್ತು. ಗಲ್ಲಾದಲ್ಲಿದ್ದ ಹೆಂಗಸಿಗೆ ಹೇಳಿದೆ. ಅವರು ನಮ್ಮ ಟೇಬಲ್ಲಿಗೆ ಬಂದು, ಬೇರೆ ಚಮಚ ತರಿಸಿ ತಾವೇ ರುಚಿ ನೋಡಿದರು, ಒಳಗೆ ಹೋದರು. ಹತ್ತು ನಿಮಿಷಕ್ಕೆ ಹೊಸದು ಬಂತು. ಅದು ನಮ್ಮ ಪಾಲಿಗೆ ಮಾತ್ರ ಅಲ್ಲ, ಆಮೇಲೆ ಬಂದವರಿಗೂ ಸರಿಹೋಯಿತು.

ಜಾಗ ಹುಡುಕುವುದಕ್ಕೆ ನಾನು ರೇಟಿಂಗ್ ನೋಡುವುದು ಕಡಿಮೆ. ಪೆಟ್ರೋಲ್ ಬಂಕಿನಲ್ಲೋ ಔಷಧಿ ಅಂಗಡಿಯಲ್ಲೋ ಕೇಳುತ್ತೇನೆ. "ಇಲ್ಲಿ ಚೆನ್ನಾಗಿರುವ ಹೋಟೆಲ್ ಯಾವುದು?" ಅಂದರೆ ದೊಡ್ಡ ಬೋರ್ಡಿರುವುದನ್ನು ತೋರಿಸುತ್ತಾರೆ. "ನೀವು ಮನೆಯವರನ್ನು ಕರ್ಕೊಂಡು ಎಲ್ಲಿಗೆ ಹೋಗುತ್ತೀರಿ?" ಅಂತ ಕೇಳಿ. ಸ್ವಲ್ಪ ಯೋಚಿಸಿ ಬೇರೆ ಹೆಸರು ಹೇಳುತ್ತಾರೆ.

ಈಗ ನಿಮ್ಮ ಮನೆಯವರ ವಿಷಯ. ಮುಂದಿನ ಸಲ ಏಳು ಜನ ಬೇಡ, ಪೂರ್ತಿ ಊಟವೂ ಬೇಡ. ನೀವಿಬ್ಬರು, ಮಗಳು, ತಂದೆ, ನಾಲ್ಕೇ ಜನ ಸಂಜೆ ನಾಲ್ಕಕ್ಕೆ ಹೋಗಿ. ಆಗ ಹೋಟೆಲು ಖಾಲಿ ಇರುತ್ತದೆ, ಮಾಲೀಕರಿಗೆ ಎರಡು ಮಾತಾಡಲು ಪುರುಸೊತ್ತಿರುತ್ತದೆ. ಏನಾದರೂ ಸಣ್ಣದು ತಿಂದು, ಕಾಫಿಯೋ ಟೀಯೋ ಕುಡಿದು ಬನ್ನಿ. ಯಾವ ಹೋಟೆಲ್ ಅನ್ನುವುದನ್ನು ಅವರೇ ಆರಿಸಲಿ. ಹೊರಡುವ ಮುಂಚೆ ಗಲ್ಲಾದಲ್ಲಿ ಫೋನ್ ನಂಬರ್ ಬರೆಸಿಕೊಳ್ಳಿ.